ಹೊರುವ ಹಸುವನ್ನು ಮೊದಲು ಸಿದ್ಧಗೊಳಿಸಿರಿ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರ ಮುಂದೆ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಹಸು ಗಬ್ಬ ನಿಲ್ಲದೆ ಹೋದರೆ ಮನೆಗೆ ಆಗುವ ನಷ್ಟ ಎಷ್ಟೆಂಬುದನ್ನು ನಾನು ತಮಗೆ ಹೇಳಿಕೊಡಬೇಕಾಗಿಲ್ಲ. ಒಂದು ಬೆದೆ ತಪ್ಪಿದರೆ ೨೧ ದಿನ ಹೋಯಿತು. ಎರಡು ತಪ್ಪಿದರೆ ೪೨ ದಿನ ಹೋಯಿತು. ಅಷ್ಟು ದಿನವೂ ಹಸು ಮೇವು ತಿನ್ನುತ್ತದೆ, ನೀರು ಕುಡಿಯುತ್ತದೆ. ಕರುವಿನ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮಳೆ ಕೈಕೊಟ್ಟ ವರ್ಷ ದುಡ್ಡು ಕೊಟ್ಟು ಹುಲ್ಲು ತರುವ ಪಾವಗಡ, ಶಿರಾ ಕಡೆಯ ರೈತನಿಗೆ ಇದರ ಬಿಸಿ ಚೆನ್ನಾಗಿ ತಿಳಿದಿದೆ.

ಈಚೆಗೆ ಹಲವರು ನನ್ನನ್ನು ಹೀಗೆ ಕೇಳುತ್ತಾರೆ: “ಡಾಕ್ಟ್ರೇ, ಈಗ ಭ್ರೂಣವನ್ನೇ ತಂದು ಹಸುವಿನ ಗರ್ಭದಲ್ಲಿ ಇಡುತ್ತಾರಂತೆ. ನಮ್ಮ ಹಸುವಿಗೂ ಇಡಿಸಿದರೆ ಒಳ್ಳೆಯ ಕರು ಆಗುತ್ತದೆಯೇ?” ಆಗುತ್ತದೆ. ಆದರೆ ಭ್ರೂಣ ಎಷ್ಟೇ ಒಳ್ಳೆಯದಾಗಿರಲಿ, ಅದನ್ನು ಹೊರುವ ಹಸು ಸಿದ್ಧವಾಗಿಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಆ ಸಿದ್ಧತೆ ನಡೆಯುವುದು ಪ್ರಯೋಗಶಾಲೆಯಲ್ಲಿ ಅಲ್ಲ, ತಮ್ಮ ಕೊಟ್ಟಿಗೆಯಲ್ಲಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಇದು ಎಲ್ಲಿಂದ ಬಂತು?

ಹೊಸದನ್ನು ಕಂಡು ಬೆರಗಾಗುವುದು ಸಹಜ. ೧೯೩೯ರಲ್ಲಿ ಮೈಸೂರಿನ ಅರಮನೆಯ ಡೇರಿ ಫಾರಂನಲ್ಲಿ ಡಾಕ್ಟರ್ ಸಂಪತ್ ಕುಮಾರನ್ ಎಂಬುವರು ನಮ್ಮ ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೈನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೃತಕವಾಗಿ ಕೊಟ್ಟು ಗಬ್ಬ ಕಟ್ಟಿಸಿದರು. ಭಾರತದಲ್ಲಿ ದನಗಳ ಕೃತಕ ಗರ್ಭಧಾರಣೆ ಮೊದಲಾದದ್ದು ಅಲ್ಲಿಯೇ, ನಮ್ಮ ನಾಡಿನಲ್ಲಿಯೇ, ನಮ್ಮ ತಳಿಯ ಹಸುಗಳಲ್ಲಿಯೇ. ಆ ದಿನ ಅದನ್ನು ನಂಬಿದವರು ಎಷ್ಟು ಮಂದಿ ಇದ್ದರೋ! ಇಂದು ಬೆದೆಗೆ ಬಂದ ಹಸುವಿಗೆ ಸೂಜಿ ಹಾಕಿಸುವುದು ಪ್ರತಿ ಹಳ್ಳಿಯ ಮಾತಾಗಿದೆ.

ಭ್ರೂಣ ವರ್ಗಾವಣೆಯೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಬಂತು. ೧೮೯೦ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಎಂಬ ವಿಜ್ಞಾನಿ ಒಂದು ಮೊಲದ ಭ್ರೂಣವನ್ನು ಇನ್ನೊಂದು ಮೊಲದ ಗರ್ಭದಲ್ಲಿಟ್ಟು ಮರಿ ಪಡೆದನು. ೧೯೫೧ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಈ ರೀತಿಯಲ್ಲಿ ಮೊದಲ ಕರು ಹುಟ್ಟಿತು. ನಮ್ಮ ದೇಶದಲ್ಲಿ ೧೯೮೭ರಲ್ಲಿ ಇದಕ್ಕಾಗಿಯೇ ರಾಷ್ಟ್ರಮಟ್ಟದ ಯೋಜನೆಯೊಂದು ಪ್ರಾರಂಭವಾಯಿತು.

ಹೊರಗಿನವರು ನಮ್ಮ ದನಗಳಿಂದಲೇ ಲಾಭ ಪಡೆದ ಉದಾಹರಣೆಯೂ ಇದೆ. ನಮ್ಮ ನೆರೆಯ ಆಂಧ್ರದ ಓಂಗೋಲು ದನಗಳು ಹಿಂದೆ ಬ್ರೆಜಿಲ್ ದೇಶಕ್ಕೆ ಹೋದುವು. ಅವುಗಳ ಸಂತತಿಯನ್ನು ಅಲ್ಲಿ ನೆಲ್ಲೂರಿನ ಹೆಸರಿನಿಂದ ಕರೆದು, ಮಾಂಸಕ್ಕಾಗಿ ದೊಡ್ಡ ದೊಡ್ಡ ಹಿಂಡುಗಳಾಗಿ ಸಾಕುತ್ತಾರೆ. ಹಿಣಿಲು ಇರುವ ಈ ಜಾತಿಯ ಹಸುಗಳ ಅಂಡಾಶಯದಲ್ಲಿ ಒಂದು ಸಲಕ್ಕೆ ಹೆಚ್ಚು ಅಂಡಗಳು ಸಿಕ್ಕುವುದರಿಂದ, ಭ್ರೂಣ ತಯಾರಿಸುವುದರಲ್ಲಿ ಬ್ರೆಜಿಲ್ ಇಂದು ಪ್ರಪಂಚದ ಮುಂದಿನ ಸಾಲಿನಲ್ಲಿದೆ. ಅಲ್ಲಿಯವರ ಅನುಭವವೂ ಹೊರುವ ಹಸುವಿನ ಮೈಕಟ್ಟು ಮತ್ತು ಬೆದೆಯ ದಿನ, ಇವೆರಡರ ಕಡೆಗೇ ಬೆರಳು ತೋರಿಸುತ್ತದೆ.

ಒಟ್ಲು ಮತ್ತು ನಾಟಿ

ಈ ಕೆಲಸವನ್ನು ತಿಳಿಯಲು ರಾಗಿಯ ಒಟ್ಲನ್ನು ನೆನೆಯಿರಿ. ಒಂದು ಮಡಿಯಲ್ಲಿ ಪೈರು ಬೆಳೆಸುತ್ತೇವೆ, ಕಿತ್ತು ಇನ್ನೊಂದು ಕಡೆ ನಾಟಿ ಮಾಡುತ್ತೇವೆ. ಇಲ್ಲಿಯೂ ಹಾಗೆಯೇ. ಒಳ್ಳೆಯ ತಳಿಯ ಹಸುವೊಂದನ್ನು ದಾನಿಯಾಗಿ ಆರಿಸುತ್ತಾರೆ. ಅದಕ್ಕೆ ಸುಮಾರು ನಾಲ್ಕು ದಿನ ಬೆಳಿಗ್ಗೆ ಸಂಜೆ ಚುಚ್ಚುಮದ್ದು ಕೊಟ್ಟು, ಒಂದರ ಬದಲು ಹಲವು ಅಂಡಗಳು ಬಲಿಯುವಂತೆ ಮಾಡಿ, ಒಳ್ಳೆಯ ಹೋರಿಯ ವೀರ್ಯ ಕೊಡುತ್ತಾರೆ. ಏಳನೆಯ ದಿನ ಗರ್ಭಕೋಶವನ್ನು ಔಷಧದ ನೀರಿನಿಂದ ತೊಳೆದು ಭ್ರೂಣಗಳನ್ನು ಹೊರಗೆ ತೆಗೆಯುತ್ತಾರೆ. ಇನ್ನೊಂದು ಕ್ರಮದಲ್ಲಿ ಅಂಡಗಳನ್ನೇ ಅಂಡಾಶಯದಿಂದ ತೆಗೆದು, ಪ್ರಯೋಗಶಾಲೆಯಲ್ಲಿ ವೀರ್ಯದೊಡನೆ ಸೇರಿಸಿ, ಏಳು ದಿನ ಬೆಳೆಸುತ್ತಾರೆ.

ಆ ಭ್ರೂಣ ಎಷ್ಟು ದೊಡ್ಡದು? ಒಂದು ರಾಗಿ ಕಾಳನ್ನು ಅಡ್ಡಲಾಗಿ ಹತ್ತು ಪಾಲು ಮಾಡಿದರೆ ಒಂದು ಪಾಲಿನ ಅಗಲ, ಅಷ್ಟೇ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಅದರ ರೂಪ ತಿಳಿಯುತ್ತದೆ. ಇದನ್ನು ಸಣ್ಣ ನಳಿಕೆಯಲ್ಲಿ ತುಂಬಿ, ಹೊರುವ ಹಸುವಿನ ಗರ್ಭಕೋಶದ ಕೊಂಬಿನಲ್ಲಿ ಇಡುತ್ತಾರೆ. ಹುಟ್ಟುವ ಕರು ದಾನಿ ಹಸುವಿನ ಮತ್ತು ಹೋರಿಯ ಗುಣಗಳನ್ನು ಪಡೆಯುತ್ತದೆ. ಹೊತ್ತ ತಾಯಿಯಿಂದ ಅದಕ್ಕೆ ಬರುವುದು ಪೋಷಣೆ ಮತ್ತು ಹಾಲು.

ನಮ್ಮ ಕಡೆ ಇದರ ಪ್ರಯೋಜನ ಎಲ್ಲಿ ಎಂದರೆ, ಹಳ್ಳಿಕಾರ್ ತಳಿಯಲ್ಲಿ. ಇದು ನಮ್ಮ ಸೀಮೆಯ ಸೊತ್ತು. ಇದನ್ನು ಉಳಿಸಲೆಂದೇ ನಮ್ಮ ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರವಿದೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಜೋಡಿ ಕಟ್ಟುವ ಮನೆಗಳು ಕಡಿಮೆಯಾದುವು. ಅದರೊಡನೆ ಒಳ್ಳೆಯ ತಾಯಿ ಹಸುಗಳೂ ಕಡಿಮೆಯಾದುವು. ಒಳ್ಳೆಯ ಹಳ್ಳಿಕಾರ್ ಹಸು ವರ್ಷಕ್ಕೆ ಒಂದು ಕರು ಕೊಟ್ಟರೆ ಹೆಚ್ಚು. ಅದರ ಭ್ರೂಣಗಳನ್ನು ಊರಿನ ಸಾಧಾರಣ ಹಸುಗಳು ಹೊತ್ತರೆ, ಅದೇ ವರ್ಷದಲ್ಲಿ ಅದರ ಹಲವು ಕರುಗಳನ್ನು ಕಾಣಬಹುದು. ಸಾಧಾರಣ ಹಸುವಿಗೂ ಇದರಿಂದ ಬೆಲೆ ಬರುತ್ತದೆ.

ಆದರೆ ನಾಟಿಯ ಮಾತನ್ನು ಮರೆಯಬೇಡಿರಿ. ಪೈರು ಎಷ್ಟು ಚೆನ್ನಾಗಿದ್ದರೂ ನೆಲ ಹದವಾಗಿರದಿದ್ದರೆ ಬಾಡುತ್ತದೆ. ನುರಿತವರ ಕೈಯಲ್ಲಿ, ಚೆನ್ನಾಗಿ ಸಾಕಿದ ಹಸುಗಳಲ್ಲಿ, ಹಸಿ ಭ್ರೂಣ ಇಟ್ಟರೆ ಹತ್ತರಲ್ಲಿ ಐದು ಆರು ನಿಲ್ಲುತ್ತವೆ. ಹೆಪ್ಪುಗಟ್ಟಿಸಿ ಇಟ್ಟದ್ದಾದರೆ ಇನ್ನೂ ಸ್ವಲ್ಪ ಕಡಿಮೆ. ಸಾಕಣೆ ಸಡಿಲವಾದರೆ ಮೂರಕ್ಕೂ ಇಳಿಯಬಹುದು. ಹತ್ತಕ್ಕೆ ಹತ್ತು ಎಂದು ಮಾತು ಕೊಡುವವರನ್ನು ನಂಬಬೇಡಿರಿ.

ನನ್ನದೇ ಒಂದು ತಪ್ಪು

ನನ್ನಿಂದ ಆದ ಒಂದು ತಪ್ಪನ್ನು ಹೇಳುತ್ತೇನೆ. ಒಂದು ಹಳ್ಳಿಯಲ್ಲಿ ಒಬ್ಬ ರೈತರು ತಮ್ಮ ಹಸುವಿಗೆ ಭ್ರೂಣ ಇಡಿಸಲು ಒಪ್ಪಿದ್ದರು. ಹಸು ಗುರುವಾರ ಬೆದೆಗೆ ಬಂತೆಂದು ಅವರು ತಿಳಿಸಿದರು. ಏಳು ದಿನ ಎಣಿಸಿ ಮುಂದಿನ ಗುರುವಾರ ನಾನು ಹೋದೆ. ಒಳಗೆ ಕೈಯಾಡಿಸಿ ನೋಡಿದೆ, ಅಂಡಾಶಯದಲ್ಲಿ ಗಂಟು ಚೆನ್ನಾಗಿತ್ತು. ಭ್ರೂಣ ಇಟ್ಟು ಬಂದೆ. ಹನ್ನೊಂದನೆಯ ದಿನ, ಸೋಮವಾರ, ಹಸು ಮತ್ತೆ ಬೆದೆಗೆ ಬಂತು!

ವಿಚಾರಿಸಲು ಹೋದಾಗ, ಕೊಟ್ಟಿಗೆಯ ಸಗಣಿ ಬಾಚುತ್ತಿದ್ದ ಆ ರೈತರ ತಾಯಿ ಹೇಳಿದರು: “ಸ್ವಾಮಿ, ನನ್ನ ಕೇಳಿದ್ರೆ ಹೇಳ್ತಿದ್ದೆ. ಅದು ಕೂಗಿದ್ದು ಸಂತೆ ಸೋಮವಾರ ರಾತ್ರಿ. ಗುರುವಾರ ನನ್ನ ಮಗ ನೋಡಿದ್ದು ಬಾಲದ ಮೇಲಿನ ರಕ್ತ.” ಬೆದೆ ಮುಗಿದು ಎರಡು ಮೂರು ದಿನಕ್ಕೆ ಕೆಲವು ಹಸುಗಳ ಲೋಳೆಯಲ್ಲಿ ರಕ್ತದ ಎಳೆ ಕಾಣುತ್ತದೆ. ಅದು ಬೆದೆ ಬಂದ ಗುರುತಲ್ಲ, ಬೆದೆ ಹೋದ ಗುರುತು. ಏಳನೆಯ ದಿನ ಎಂದುಕೊಂಡು ನಾನು ಹತ್ತನೆಯ ದಿನ ಭ್ರೂಣ ಇಟ್ಟಿದ್ದೆ. ಆ ಮನೆಯವರು ಆ ಕರುವಿನ ಮೇಲೆ ಮಗಳ ಕಾಲೇಜಿನ ಖರ್ಚಿನ ಲೆಕ್ಕ ಹಾಕಿಕೊಂಡಿದ್ದರು. ತಪ್ಪು ರೈತರದಲ್ಲ, ನನ್ನದು. ದಿನವೂ ಹಸುವಿನ ಹತ್ತಿರ ಇರುವ ಆ ತಾಯಿಯನ್ನು ನಾನು ಒಂದು ಮಾತು ಕೇಳಲಿಲ್ಲ.

ಮೂರು ದಿನದ ವ್ಯತ್ಯಾಸ ಏಕೆ ಇಷ್ಟು ಕೆಡಿಸಿತು? ಬೆದೆಯ ನಂತರ ಅಂಡ ಒಡೆದು ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆಯುತ್ತದೆ. ಅದರಿಂದ ಹೊರಡುವ ರಸ ಗರ್ಭಕೋಶವನ್ನು ಶಾಂತವಾಗಿಟ್ಟು ಭ್ರೂಣವನ್ನು ಪೋಷಿಸುತ್ತದೆ. ಬೆದೆಯಾಗಿ ೧೬-೧೭ನೆಯ ದಿನದ ಹೊತ್ತಿಗೆ, ಬೆಳೆಯುತ್ತಿರುವ ಭ್ರೂಣ “ನಾನಿದ್ದೇನೆ” ಎಂದು ತಾಯಿಯ ಮೈಗೆ ಸೂಚನೆ ಕೊಡಬೇಕು. ಸೂಚನೆ ಬಾರದಿದ್ದರೆ ಗಂಟು ಕರಗುತ್ತದೆ, ೨೧ನೆಯ ದಿನಕ್ಕೆ ಹಸು ಮತ್ತೆ ಬೆದೆಗೆ ಬರುತ್ತದೆ. ನಾನು ಇಟ್ಟ ಭ್ರೂಣ ಗರ್ಭಕೋಶಕ್ಕಿಂತ ಮೂರು ದಿನ ಎಳೆಯದು. ಅದು ಸೂಚನೆ ಕೊಡುವಷ್ಟು ಬೆಳೆಯುವ ಮೊದಲೇ ತಾಯಿಯ ಮೈ ಬಾಗಿಲು ಮುಚ್ಚಿತು. ಒಂದು ದಿನ ಹಿಂದುಮುಂದಾದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಕಷ್ಟ.

ಬೆದೆ ನೋಡುವ ಬಗೆ

ಆದುದರಿಂದ ಬೆದೆಯನ್ನು ಕಣ್ಣಿಟ್ಟು ನೋಡಿರಿ. ಬೆಳಗಿನ ಜಾವ ಒಂದು ಸಲ, ಸಂಜೆ ತಂಪಾದ ಮೇಲೆ ಒಂದು ಸಲ, ಪ್ರತಿ ಸಲವೂ ಅರ್ಧ ಗಂಟೆ. ಇನ್ನೊಂದು ದನ ಮೇಲೆ ಏರಿದಾಗ ಹಸು ಅಲ್ಲಾಡದೆ ನಿಂತರೆ ಅದೇ ನಿಜವಾದ ಬೆದೆ. ಒಂಟಿ ಹಸು ಕಟ್ಟಿದ ಮನೆಯಲ್ಲಿ ಈ ಗುರುತು ಸಿಕ್ಕುವುದಿಲ್ಲ. ಅಂಥ ಕಡೆ ಪದೇ ಪದೇ ಕೂಗುವುದು, ಮೇವು ಬಿಡುವುದು, ಹಾಲು ಇಳಿಯುವುದು, ಗಾಜಿನಂತೆ ತಿಳಿಯಾದ ಲೋಳೆ ಜೋಲುವುದು, ಇವನ್ನು ನೋಡಬೇಕು. ಅವಕಾಶವಿದ್ದರೆ ದಿನಕ್ಕೊಮ್ಮೆ ಬಿಚ್ಚಿ ಬೇರೆ ದನಗಳೊಡನೆ ಬಿಡಿರಿ.

ಕಂಡ ಕೂಡಲೇ ದಿನವನ್ನೂ ಹೊತ್ತನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಬರೆಯಲು ಬಾರದವರು ಕೊಟ್ಟಿಗೆಯ ಗೋಡೆಯ ಮೇಲೆ ಮಸಿಯಿಂದ ಗೆರೆ ಎಳೆದರೂ ಸಾಕು. ರಕ್ತ ಕಂಡರೆ “ರಕ್ತ” ಎಂದೇ ಬೇರೆಯಾಗಿ ಗುರುತು ಮಾಡಿರಿ. ಸಾಧಾರಣ ಕೃತಕ ಗರ್ಭಧಾರಣೆಗೂ ಈ ಲೆಕ್ಕವೇ ಆಧಾರ: ಬೆಳಿಗ್ಗೆ ಬೆದೆ ಕಂಡರೆ ಸಂಜೆ ಸೂಜಿ ಹಾಕಿಸಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಔಷಧದಿಂದ ಹಲವು ಹಸುಗಳನ್ನು ಒಂದೇ ದಿನ ಬೆದೆಗೆ ತರುವ ಉಪಾಯವೂ ಉಂಟು. ಆದರೆ ಸೊರಗಿದ ಹಸುವಿನಲ್ಲಿ ಆ ಔಷಧವೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಎಂಥ ಹಸು ಹೊರಬಲ್ಲದು?

ಕರು ಹಾಕಿ ಕಡೆಯ ಪಕ್ಷ ಎರಡು ತಿಂಗಳಾಗಿರಬೇಕು. ಕ್ರಮವಾಗಿ ಬೆದೆಗೆ ಬರುತ್ತಿರಬೇಕು. ಲೋಳೆ ತಿಳಿಯಾಗಿರಬೇಕು, ಕೀವು ಇದ್ದರೆ ಮೊದಲು ಚಿಕಿತ್ಸೆ. ಹಿಂದೆ ಕರು ಹಾಕುವಾಗ ಕಷ್ಟಪಟ್ಟ, ಕಸ ಬೀಳದೆ ನರಳಿದ ಹಸುವನ್ನು ವೈದ್ಯರಿಗೆ ತೋರಿಸದೆ ಆರಿಸಬೇಡಿರಿ. ಕಡಸಾದರೆ ಮೈ ತುಂಬಿ ಬೆಳೆದಿರಬೇಕು. ಇಲ್ಲದಿದ್ದರೆ ಹೆರುವಾಗ ತಾಯಿಗೂ ಕರುವಿಗೂ ಅಪಾಯ. ಮೂರು ಸಲ ಸೂಜಿ ಹಾಕಿಸಿದರೂ ನಿಲ್ಲದ ಹಸುವಿಗೆ ಭ್ರೂಣವೇ ಮದ್ದು ಎಂದು ತಿಳಿಯಬೇಡಿರಿ. ಏಕೆ ನಿಲ್ಲಲಿಲ್ಲವೆಂಬುದನ್ನು ಮೊದಲು ಪರೀಕ್ಷಿಸಬೇಕು.

ಮೈಕಟ್ಟು ಹೀಗಿರಬೇಕು: ಹಿಂದಿನ ಒಂದೆರಡು ಪಕ್ಕೆಲುಬು ತುಸು ಕಾಣಬಹುದು, ಎಲ್ಲ ಪಕ್ಕೆಗಳೂ ಎಣಿಸುವಂತೆ ಕಾಣಬಾರದು, ಬೆನ್ನುಮೂಳೆ ಗರಗಸದಂತೆ ಎದ್ದಿರಬಾರದು, ಬಾಲದ ಬುಡದಲ್ಲಿ ಕೊಬ್ಬಿನ ಮುದ್ದೆಯೂ ಇರಬಾರದು. ಇದಕ್ಕಿಂತ ಮುಖ್ಯವಾದುದು, ಆ ದಿನಗಳಲ್ಲಿ ಹಸುವಿನ ಮೈ ಏರುತ್ತಿರಬೇಕೇ ಹೊರತು ಇಳಿಯುತ್ತಿರಬಾರದು. ಮೈ ಇಳಿಯುತ್ತಿರುವ ಹಸುವಿಗೆ ತನ್ನ ಜೀವ ಉಳಿಸಿಕೊಳ್ಳುವುದೇ ಮೊದಲ ಕೆಲಸ, ಗಬ್ಬ ಆಮೇಲಿನದು.

ಮೇವು, ನೀರು, ನೆರಳು

ಮೈ ಏರಿಸುವುದು ಒಂದು ವಾರದ ಕೆಲಸವಲ್ಲ. ಎರಡು ಮೂರು ತಿಂಗಳು ಮೊದಲೇ ಪ್ರಾರಂಭಿಸಿರಿ. ಒಣ ರಾಗಿ ಹುಲ್ಲೊಂದರಿಂದ ಸಾಲದು. ಹುಲ್ಲನ್ನು ಕತ್ತರಿಸಿ ಹಾಕಿರಿ. ಅದರೊಡನೆ ಕಡ್ಲೆಕಾಯಿ ಬಳ್ಳಿ, ಅಲಸಂದೆ, ಅಗಸೆ ಸೊಪ್ಪು, ಸೀಮೆಹುಲ್ಲು, ಇವುಗಳಲ್ಲಿ ಸಿಕ್ಕಿದ ಹಸುರನ್ನು ಸೇರಿಸಿರಿ. ಹಿಂಡಿ ಬೂಸಾವನ್ನು ಹಾಲಿನ ಲೆಕ್ಕದಂತೆ ಕೊಡಿರಿ. ದೊಡ್ಡ ಹಸುವಿಗೆ ದಿನಕ್ಕೆ ೫೦ ಗ್ರಾಂ ಖನಿಜ ಮಿಶ್ರಣ, ಜೊತೆಗೆ ಸ್ವಲ್ಪ ಉಪ್ಪು ಮರೆಯಬೇಡಿರಿ. ಬೆದೆ ಕಾಣದೆ ಹೋಗುವ ಎಷ್ಟೋ ಹಸುಗಳು ಇಷ್ಟರಿಂದಲೇ ಸರಿಹೋಗುತ್ತವೆ.

ಕಡ್ಲೆಕಾಯಿ ಬೆಳೆಯುವ ನಮ್ಮ ಸೀಮೆಗೆ ಒಂದು ಎಚ್ಚರಿಕೆಯ ಮಾತು. ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಕಾಯಿ, ಹಿಂಡಿ ಮತ್ತು ಬಳ್ಳಿಯನ್ನು ಮನುಷ್ಯರು ತಿನ್ನಬಾರದೆಂದು ದನಕ್ಕೆ ಹಾಕುವ ಅಭ್ಯಾಸವುಂಟು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹಸುವಿನ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಹಾಲಿನ ಮೂಲಕ ಮಕ್ಕಳ ಹೊಟ್ಟೆಗೂ ಬರುತ್ತದೆ. ಬೂಷ್ಟು ಹಿಡಿದುದನ್ನು ಹೊರಗೆ ಹಾಕಿರಿ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ತಮಗೆ ಗೊತ್ತು. ಅದು ದನಗಳ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಹಲ್ಲು ಸವೆದ ಹಸು ಮೇವು ಅಗಿಯಲಾರದು. ಕೆರೆಯ ಅಥವಾ ಸಂಗ್ರಹಿಸಿದ ಮಳೆಯ ಶುದ್ಧ ನೀರು ಸಿಕ್ಕಿದಾಗ ದನಕ್ಕೂ ಒಂದು ಪಾಲು ಇಡಿರಿ.

ಬಿಸಿಲೂ ಗಬ್ಬದ ಶತ್ರು. ಹೊಸ ಭ್ರೂಣಕ್ಕೆ ಮೊದಲ ಎರಡು ಮೂರು ದಿನಗಳ ಸೆಕೆ ಬಹಳ ಕೆಟ್ಟದ್ದು. ಏಳು ದಿನ ಬೆಳೆದ ಭ್ರೂಣ ಅದಕ್ಕಿಂತ ಗಟ್ಟಿ. ಆದುದರಿಂದ ಬೇಸಗೆಯಲ್ಲಿ ಭ್ರೂಣ ಇಡುವುದರಿಂದ ಸ್ವಲ್ಪ ಅನುಕೂಲವುಂಟು. ಹಾಗೆಂದು ತಾಯಿಯನ್ನು ತಗಡಿನ ಕೆಳಗೆ ಬೇಯಿಸಬಾರದು. ಬೇವಿನ, ಹೊಂಗೆಯ ನೆರಳಾಗಲಿ, ತೆಂಗಿನ ಗರಿಯ ಚಪ್ಪರವಾಗಲಿ ಇರಲಿ. ಎದುರಿಗೆ ಯಾವಾಗಲೂ ನೀರಿರಲಿ. ಆರಿಸಿಕೊಳ್ಳಲು ಅವಕಾಶವಿದ್ದರೆ, ಮುಂಗಾರಿನ ಹಸುರು ತಿಂದು ಹಸು ಚೇತರಿಸಿಕೊಂಡ ಮೇಲಿನ ತಂಪು ತಿಂಗಳುಗಳೇ ಒಳ್ಳೆಯವು.

ಭ್ರೂಣ ಇಡುವ ದಿನ ಮತ್ತು ಆಮೇಲೆ

ಜಂತಿನ ಔಷಧ, ಕಾಲುಬಾಯಿ ಜ್ವರದ ಲಸಿಕೆ, ಇವನ್ನು ಮೂರು ನಾಲ್ಕು ವಾರ ಮೊದಲೇ ಮುಗಿಸಿರಿ. ಆ ದಿನ ಹಸುವನ್ನು ದೂರ ನಡೆಸಬೇಡಿರಿ, ಹೊಡೆಯಬೇಡಿರಿ, ಸುತ್ತ ಜನ ಸೇರಿ ಗಲಾಟೆ ಮಾಡಬೇಡಿರಿ. ದಿನವೂ ಮೇವು ಹಾಕುವವರೇ ಹಗ್ಗ ಹಿಡಿಯಲಿ. ಹೆದರಿದ ಹಸುವಿನ ಗರ್ಭಕೋಶ ಬಿಗಿಯುತ್ತದೆ, ವೈದ್ಯರ ಕೆಲಸವೂ ಕೆಡುತ್ತದೆ. ಹಳದಿ ಗಂಟು ಇರುವ ಪಕ್ಕದ ಕೊಂಬಿನಲ್ಲಿಯೇ ಭ್ರೂಣ ಇಡಬೇಕು. ಗಂಟು ಸಿಕ್ಕದಿದ್ದರೆ “ಈ ಸಲ ಬೇಡ” ಎಂದು ವೈದ್ಯರು ಹೇಳುತ್ತಾರೆ. ಆಗ ಬೇಸರಪಡದೆ ಒಪ್ಪಿಕೊಳ್ಳಿರಿ.

ಇಟ್ಟ ಮೇಲೆ ಎರಡು ತಿಂಗಳು ಹಸುವನ್ನು ಲಾರಿಯಲ್ಲಿ ಸಾಗಿಸಬೇಡಿರಿ, ಜಾತ್ರೆಗೆ ಹೊಡೆದುಕೊಂಡು ಹೋಗಬೇಡಿರಿ, ಮೇವನ್ನು ಥಟ್ಟನೆ ಬದಲಿಸಬೇಡಿರಿ. ಹದಿನಾಲ್ಕನೆಯ ದಿನದ ಸುತ್ತಮುತ್ತ ಬೆದೆ ಬಂತೇ ಎಂದು ನೋಡಿರಿ. ಮೂರು ವಾರ ಬಿಟ್ಟು ಮತ್ತೆ ನೋಡಿರಿ. ಬೆದೆ ಕಾಣಲಿಲ್ಲವೆಂದ ಮಾತ್ರಕ್ಕೆ ಗಬ್ಬ ಎಂದು ತೀರ್ಮಾನಿಸಬೇಡಿರಿ. ಎರಡರಿಂದ ಮೂರು ತಿಂಗಳ ಒಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಿರಿ. ನಿಂತಿದ್ದರೆ, ಬೆದೆಯ ದಿನದಿಂದ ಸುಮಾರು ಒಂಬತ್ತು ತಿಂಗಳು ಹತ್ತು ದಿನಕ್ಕೆ ಕರು.

ನಡುವೆ ಹಸು ಕಂದು ಹಾಕಿದರೆ ಬರಿಗೈಯಿಂದ ಮುಟ್ಟಬೇಡಿರಿ. ಬ್ರೂಸೆಲ್ಲ ಎಂಬ ರೋಗವಿದ್ದರೆ ಅದು ಮನುಷ್ಯರಿಗೂ ಅಂಟುತ್ತದೆ. ವೈದ್ಯರನ್ನು ಕರೆಸಿ, ಅವರು ನೋಡಿದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿರಿ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಇದರ ಲಸಿಕೆ ಹಾಕಿಸಿದರೆ ಈ ಭಯ ಬಹಳ ಮಟ್ಟಿಗೆ ತಪ್ಪುತ್ತದೆ.

ಕೊನೆಯ ಮಾತು

ಭ್ರೂಣ ವರ್ಗಾವಣೆ ಎಲ್ಲರ ಮನೆಗೂ ಇಂದೇ ಬೇಕಾದುದಲ್ಲ. ಖರ್ಚು ಹೆಚ್ಚು, ಶ್ರಮ ಹೆಚ್ಚು. ಊರಿನಲ್ಲಿ ಒಂದೆರಡು ಉತ್ತಮ ತಳಿಯ ಹಸುಗಳಿದ್ದು, ಅವನ್ನು ಹೆಚ್ಚಿಸಬೇಕೆಂಬ ಮನಸ್ಸು ಹತ್ತು ಮನೆಗಳಿಗೆ ಇದ್ದರೆ ಅಲ್ಲಿ ಅದು ಸಾರ್ಥಕ. ಉಳಿದವರಿಗೆ ಕೃತಕ ಗರ್ಭಧಾರಣೆಯೇ ಸಾಕು. ಆದರೆ ಈ ಹೊತ್ತು ನಾನು ಹೇಳಿದ ಸಾಕಣೆಯ ಮಾತುಗಳು ಎರಡಕ್ಕೂ ಸಲ್ಲುತ್ತವೆ. ಭ್ರೂಣ ಇಡಿಸದಿದ್ದರೂ ಇವನ್ನು ಪಾಲಿಸಿದವರ ಹಸು ಬೇಗ ಗಬ್ಬ ನಿಲ್ಲುತ್ತದೆ. ಆ ಲಾಭ ಎಲ್ಲಿಗೂ ಹೋಗುವುದಿಲ್ಲ.

ಆದುದರಿಂದ ಮನೆಗೆ ಹೋದ ಕೂಡಲೇ ಮೂರು ಕೆಲಸ ಮಾಡಿರಿ. ಹಸುವಿನ ಪಕ್ಕೆಯ ಮೇಲೆ ಕೈಯಾಡಿಸಿ ಅದರ ಮೈ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿರಿ. ಕೊಟ್ಟಿಗೆಯಲ್ಲಿ ಒಂದು ಕ್ಯಾಲೆಂಡರು ತೂಗುಹಾಕಿರಿ. ಮೂರನೆಯದಾಗಿ, ಹಸು ಕೊನೆಗೆ ಬೆದೆಗೆ ಬಂದದ್ದು ಯಾವ ದಿನವೆಂದು ಸಗಣಿ ಬಾಚುವ ತಾಯಿಯನ್ನು ಕೇಳಿ, ಆಕೆ ಹೇಳಿದ ದಿನಕ್ಕೆ ಗುರುತು ಹಾಕಿರಿ. ನಾನು ಕೇಳದೆ ಹೋದ ಮಾತನ್ನು ತಾವು ಕೇಳಿರಿ.